ಅರ್ಧ ಪ್ರಿಂಟರ್

ಹಳೇಬೀಡಿನ ನಮ್ಮ ಅತ್ತೆ ಜಮೀನಿನ ಅರ್ಜಿಯೊಂದನ್ನು ಟೈಪ್ ಮಾಡಿಸಿಕೊಳ್ಳಲು ಅರಸೀಕೆರೆಗೆ ಬಂದಿದ್ದರು. ಜಾವಗಲ್ ಮೇಲೆ ಹೋಗುವ ಬಸ್ ಹಿಡಿದು, ಸಂಜೆಯೊಳಗೆ ಅದನ್ನು ಬೇಲೂರಿನ ತಾಲ್ಲೂಕು ಕಚೇರಿಗೆ ಕೊಡಬೇಕು. ಅರ್ಜಿ ಇದ್ದದ್ದು ನನ್ನ ಉಬುಂಟು ಲ್ಯಾಪ್‌ಟಾಪಿನಲ್ಲಿ. ಪ್ರಿಂಟರ್ ಇದ್ದದ್ದು ತಮ್ಮನ ವಿಂಡೋಸ್ ಕಂಪ್ಯೂಟರಿಗೆ. ಐದು ನಿಮಿಷದ ಕೆಲಸ ಅಂದುಕೊಂಡೆ.

ಸಾಂಬಾ ಅನ್ನೋ ತಂತ್ರಾಂಶ ಹಾಕಿದ ಮೇಲೆ ಎರಡೂ ಮಾತಾಡಿಕೊಂಡವು. ಪ್ರಿಂಟರಿನ ಹೆಸರೂ ಕಾಣಿಸಿತು. ಅದರ ಮಾದರಿ ಪಟ್ಟಿಯಲ್ಲಿ ಇರಲಿಲ್ಲ, ಹತ್ತಿರದ್ದೊಂದು ಡ್ರೈವರ್ ಆರಿಸಿ ಕಳಿಸಿದೆ. ಪರದೆ ‘ಮುಗಿಯಿತು’ ಅಂತು. ಕಾಗದ ಮಾತ್ರ ಅಲ್ಲಾಡಲಿಲ್ಲ. “ಆಯ್ತೇನಪ್ಪಾ?” ಅಂತ ಅತ್ತೆ ನಾಲ್ಕು ಸಲ ಕೇಳಿದರು.

ಬೈಯಬೇಕಾದ್ದು ನೆಟ್‌ವರ್ಕನ್ನಲ್ಲ ಕಣ್ರೀ. ಅಡೋಬಿಯವರು 1984ರಲ್ಲೇ ತಂದ ಪೋಸ್ಟ್‌ಸ್ಕ್ರಿಪ್ಟ್ ಭಾಷೆ ಬಲ್ಲ ಪ್ರಿಂಟರಿಗೆ ಪುಟದ ವಿವರ ಕಳಿಸಿದರೆ ಸಾಕು. ಅಕ್ಷರ ಎಲ್ಲಿ ಕೂರಬೇಕೆಂದು ಅದೇ ಲೆಕ್ಕ ಹಾಕುತ್ತದೆ. ಅಗ್ಗದ ಎಷ್ಟೋ ಲೇಸರ್ ಪ್ರಿಂಟರುಗಳಿಗೆ ಆ ಬುದ್ಧಿ ಇಲ್ಲ. ಚುಕ್ಕಿ ಚುಕ್ಕಿಯಾಗಿ ಪುಟ ಕಟ್ಟಿಕೊಡುವುದು ಕಂಪ್ಯೂಟರಿನೊಳಗಿನ ಡ್ರೈವರ್. ತಯಾರಕರು ಅದನ್ನು ವಿಂಡೋಸಿಗಷ್ಟೇ ಬರೆದು, ಒಳಭಾಷೆಯನ್ನೂ ಗುಟ್ಟಾಗಿಟ್ಟರೆ ಲಿನಕ್ಸಿನವರಿಗೆ ಸಿಗೋದು ಅರ್ಧ ಪ್ರಿಂಟರ್. ದುಡ್ಡು ಮಾತ್ರ ಪೂರ್ತಿ. ಈ ಮಾತನ್ನು ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಹಾಕೋಕೆ ಏನು ಕಷ್ಟ?

ಕಡತವನ್ನು ಪೆನ್‌ಡ್ರೈವಿನಲ್ಲಿ ಒಯ್ದು ವಿಂಡೋಸಿನಲ್ಲಿ ತೆರೆದೆ. ನನ್ನ ಫಾಂಟ್ ಅಲ್ಲಿರಲಿಲ್ಲ. ಸಾಲುಗಳು ಜರುಗಿ ಒಂದು ಪುಟದ ಅರ್ಜಿ ಎರಡಾಯಿತು. ಕೊನೆಗೆ ಪಿಡಿಎಫ್ ಮಾಡಿದೆ, ಫಾಂಟ್ ಅದರೊಳಗೇ ಹೋಗುತ್ತೆ. ಪ್ರಿಂಟೂ ಬಂತು.

ಅಷ್ಟರಲ್ಲಿ ಬಸ್ ಹೋಗಿತ್ತು. ಅತ್ತೆ ಆ ರಾತ್ರಿ ನಮ್ಮಲ್ಲೇ ಉಳಿದರು.