ಸಮಾನ ಅವಕಾಶ ಎಂಬ ಮಾತು ಮತ್ತು ನಮ್ಮ ಕರಾವಳಿ

‘ಎಲ್ಲರಿಗೂ ಒಂದೇ ಅರ್ಜಿ, ಒಂದೇ ಪರೀಕ್ಷೆ, ಒಂದೇ ಕಾನೂನು. ಇನ್ನೂ ಎಂತ ಬೇಕು ನಿಮಗೆ?’

ಕುಮಟೆಯಿಂದ ಭಟ್ಕಳದ ತನಕ ಯಾವ ಬಸ್ಸು ಹತ್ತಿದರೂ, ಯಾವ ಕಚೇರಿಯ ಕಟ್ಟೆಯ ಮೇಲೆ ಕೂತರೂ ಈ ಪ್ರಶ್ನೆ ನಮ್ಮ ಕಿವಿಗೆ ಬೀಳುತ್ತದೆ. ಕೇಳುವವರೆಲ್ಲ ಕೆಟ್ಟವರಲ್ಲ. ಕೆಲವರು ನಮ್ಮ ಮೇಷ್ಟ್ರುಗಳೇ. ಕೆಲವರು ನಮ್ಮ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಆದ್ದರಿಂದ ಇದು ಬೈದು ಮುಗಿಸುವ ಪ್ರಶ್ನೆಯಲ್ಲ, ಬಿಡಿಸಿ ನೋಡಬೇಕಾದ ಪ್ರಶ್ನೆ.

ಕವಿತೆ ಬರೆಯುವ ನಮಗೆ ಶಬ್ದಗಳ ಮೇಲೆ ಅನುಮಾನ ಪಡುವುದು ಚಟವಾಗಿಬಿಟ್ಟಿದೆ. ‘ಅವಕಾಶ’ ಎಂದರೆ ಎಡೆ, ಜಾಗ. ಕಾಲೂರಲು ಜಾಗ ಇದ್ದವನಿಗೂ ಇಲ್ಲದವನಿಗೂ ಸಮನಾಗಿ ಓಡುವ ಹಕ್ಕು ಕೊಟ್ಟೆವು ಎನ್ನುವುದು ಒಂದು ಬಗೆಯ ನ್ಯಾಯ. ಯಾರಿಗೆ ಜಾಗ ಇಲ್ಲ, ಯಾಕೆ ಇಲ್ಲ, ಅದನ್ನು ಕಸಿದವರು ಯಾರು ಎಂದು ಮೊದಲು ಕೇಳಿ, ಆಮೇಲೆ ಪಾಲು ಹಂಚುವುದು ಇನ್ನೊಂದು ಬಗೆಯ ನ್ಯಾಯ. ಸರ್ಕಾರ ಬಾಯಲ್ಲಿ ಎರಡನ್ನೂ ಹೇಳುತ್ತದೆ. ಕೈಯಲ್ಲಿ ಯಾವುದನ್ನು ಮಾಡುತ್ತದೆ ಎಂಬುದನ್ನು ನಮ್ಮ ಮೂರು ತಾಲೂಕಿನ ನೆಲದ ಮೇಲೆ ನಿಂತೇ ನೋಡೋಣ.

ನೆಲದಿಂದಲೇ ಶುರು ಮಾಡೋಣ. 1974ರ ಭೂಸುಧಾರಣೆ ತಿದ್ದುಪಡಿ ದೇವರಾಜ ಅರಸರ ಕಾಲದ ದೊಡ್ಡ ಕೆಲಸ. ಅದರ ಹಿಂದೆ ನಮ್ಮ ಜಿಲ್ಲೆಯಲ್ಲಿ ದಿನಕರ ದೇಸಾಯಿಯವರಂಥವರು 1940ರ ದಶಕದಿಂದ ಕಟ್ಟಿದ ರೈತ ಹೋರಾಟದ ಬೆವರೂ ಇದೆ. ಏಳನೇ ನಮೂನೆ ತುಂಬಿದ ಎಷ್ಟೋ ಹಾಲಕ್ಕಿ, ನಾಮಧಾರಿ ಮನೆಗಳು ಗೇಣಿಯಿಂದ ಬಿಡುಗಡೆಯಾದವು. ಇದು ಸಣ್ಣ ಮಾತಲ್ಲ, ಸಣ್ಣದು ಮಾಡುವ ಮನಸ್ಸೂ ನಮಗಿಲ್ಲ. ಆದರೆ ಆ ನಮೂನೆ ಕೇಳಿದ ಪ್ರಶ್ನೆ ಒಂದೇ: ನೀನು ಗೇಣಿದಾರನೋ? ಮುಕ್ರಿ, ಹಳ್ಳೇರ, ಆಗೇರ ಕೇರಿಗಳ ಬಹಳ ಮಂದಿ ಗೇಣಿದಾರರೇ ಆಗಿರಲಿಲ್ಲ. ಒಡೆಯನ ಗದ್ದೆಯಲ್ಲಿ, ಗೇಣಿದಾರನ ಗದ್ದೆಯಲ್ಲಿ, ಇಬ್ಬರ ಗದ್ದೆಯಲ್ಲೂ ಕೂಲಿ ಮಾಡಿದವರು. ಅರ್ಜಿ ಎಲ್ಲರಿಗೂ ತೆರೆದೇ ಇತ್ತು. ತುಂಬಲು ನಮ್ಮವರ ಹತ್ತಿರ ಏನೂ ಇರಲಿಲ್ಲ. ಉಳುವವನಿಗೆ ಹೊಲ ಅಂದರು, ಸರಿ. ಉಳುವವನ ಹಿಂದೆ ನೆಟ್ಟು, ಕೊಯ್ದು, ಹೊರೆ ಹೊತ್ತವಳಿಗೆ ಏನು?

ಗದ್ದೆಯಲ್ಲಿ ಎಡೆ ಸಿಗದವರು ಎಲ್ಲಿಗೆ ಹೋದರು? ಬೆಟ್ಟದ ಬುಡಕ್ಕೆ. ಉತ್ತರ ಕನ್ನಡದ ಮುಕ್ಕಾಲು ಪಾಲಿಗಿಂತ ಹೆಚ್ಚು ನೆಲ ಅರಣ್ಯ ಇಲಾಖೆಯದು. ಅದರ ಅಂಚಿನಲ್ಲಿ ಒಂದು ಗುಡಿಸಲು, ನಾಲ್ಕು ತೆಂಗಿನ ಸಸಿ, ಹತ್ತಿಪ್ಪತ್ತು ಗುಂಟೆ ಹಕ್ಕಲು ಮಾಡಿಕೊಂಡವರಿಗೆ ಇಲಾಖೆ ಒಂದು ಹೆಸರಿಟ್ಟಿದೆ: ‘ಅತಿಕ್ರಮಣದಾರ’. ಈ ಹೆಸರಿನಿಂದ ಬಿಡಿಸಲಿಕ್ಕೆಂದೇ 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು. ಕಾಡಿನ ಜನಕ್ಕೆ ಚಾರಿತ್ರಿಕ ಅನ್ಯಾಯವಾಗಿದೆ ಎಂದು ಕಾಯ್ದೆಯ ಪೀಠಿಕೆಯೇ ಒಪ್ಪಿಕೊಂಡಿತು. ಒಪ್ಪಿಕೊಂಡ ಕೈಯಿಂದಲೇ ಒಂದು ಗೆರೆಯನ್ನೂ ಎಳೆಯಿತು. ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕೆ ಮೊದಲು ಅಲ್ಲಿದ್ದರೆ ಸಾಕು. ಮಿಕ್ಕವರು ಆ ದಿನಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ ಕಾಡಿನಲ್ಲಿ ನೆಲೆಸಿ ಕಾಡನ್ನೇ ನಂಬಿದ್ದರೆಂದು ತೋರಿಸಬೇಕು. ಆದಿವಾಸಿಗೆ ಆ ವಿನಾಯಿತಿ ನ್ಯಾಯವೇ. ಆದರೆ ‘ಮಿಕ್ಕವರು’ ಎಂಬ ಒಂದೇ ಚೀಲದಲ್ಲಿ ಯಾರು ಯಾರು ಬಿದ್ದರು ನೋಡಿ. ಪರಿಶಿಷ್ಟ ಜಾತಿಯ ಮುಕ್ರಿ ಬಿದ್ದ. ಪರಿಶಿಷ್ಟ ಪಂಗಡದ ಪಟ್ಟಿಗಾಗಿ ದಶಕಗಳಿಂದ ಕೇಳುತ್ತ ಬಂದ ಹಾಲಕ್ಕಿ ಬಿದ್ದ. ಇವರ ಜೊತೆಗೇ, ಮನೆಯಲ್ಲಿ ಕಾಗದಪತ್ರ ಇಡಲು ಕಬ್ಬಿಣದ ಪೆಟ್ಟಿಗೆ ಇರುವ ಮೇಲ್ಜಾತಿಯವನೂ ಬಿದ್ದ. ಮೂವರಿಗೂ ಒಂದೇ ನಿಯಮ, 1930ರಿಂದ ಲೆಕ್ಕ ಕೊಡಿ. 1930ರಲ್ಲಿ ನಮ್ಮ ಅಜ್ಜನ ಹೆಸರನ್ನು ಯಾವ ಕಾಗದದಲ್ಲಿ ಯಾರು ಬರೆದಿದ್ದರು? ಒಡೆಯರ ಸಾಲದ ಪುಸ್ತಕ ಬಿಟ್ಟರೆ?

ಅರ್ಜಿಗಳು ಹೋದವು, ಬಹುಪಾಲು ತಿರಸ್ಕಾರವಾಗಿ ವಾಪಸು ಬಂದವು. 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟು ಅರ್ಜಿ ತಿರಸ್ಕೃತರಾದವರನ್ನು ಒಕ್ಕಲೆಬ್ಬಿಸಿ ಎಂದಾಗ ಈ ಕೇರಿಗಳಲ್ಲಿ ಒಲೆ ಹತ್ತಿಸುವ ಉಮೇದೂ ಹೋಗಿತ್ತು. ಅದೇ ತಿಂಗಳ 28ಕ್ಕೆ ಆದೇಶಕ್ಕೆ ತಡೆ ಬಿತ್ತು. ತಡೆಯೇ ಬಿತ್ತು, ಹಕ್ಕು ಬರಲಿಲ್ಲ.

ಇದೇ ಬೆಟ್ಟದಲ್ಲಿ ಇನ್ನೊಂದು ಕಥೆ ಇದೆ. ಬ್ರಿಟಿಷರ ಕಾಲದಿಂದ ಅಡಿಕೆ ತೋಟದ ಒಡೆಯರಿಗೆ ‘ಸೊಪ್ಪಿನ ಬೆಟ್ಟ’ ಎಂಬ ಸವಲತ್ತು ಬಂದಿದೆ. ತೋಟಕ್ಕೆ ಸೊಪ್ಪು, ದರಕು ತರಲು ಸರ್ಕಾರಿ ಕಾಡಿನಲ್ಲಿ ಇಂತಿಷ್ಟು ಎಕರೆ, ಅದೂ ತೋಟದ ಅಳತೆಗೆ ತಕ್ಕಂತೆ. ಹೆಚ್ಚು ತೋಟ ಇದ್ದವನಿಗೆ ಹೆಚ್ಚು ಬೆಟ್ಟ, ತೋಟವೇ ಇಲ್ಲದವನಿಗೆ ಬೆಟ್ಟವೂ ಇಲ್ಲ. ಅಡಿಕೆಗೆ ಸೊಪ್ಪು ಬೇಕು, ಅದರ ಬಗ್ಗೆ ನಮಗೆ ತಕರಾರಿಲ್ಲ. ನಮ್ಮ ತಕರಾರು ಭಾಷೆಯದು. ತೋಟದವನಿಗೆ ಕೊಟ್ಟರೆ ಅದು ‘ಸವಲತ್ತು’, ‘ರೂಢಿಯ ಹಕ್ಕು’. ಕೇರಿಯವನು ಅದೇ ಕಾಡಿನಲ್ಲಿ ಗುಡಿಸಲು ಕಟ್ಟಿದರೆ ‘ಅತಿಕ್ರಮಣ’. ನಮಗೆ ಕಾಲೇಜಿನಲ್ಲಿ ಒಂದು ಸೀಟು ಕೊಟ್ಟರೆ ‘ಮೀಸಲಾತಿ’, ‘ಅರ್ಹತೆಯ ಕೊಲೆ’. ಸೊಪ್ಪಿನ ಬೆಟ್ಟವನ್ನು ಮೀಸಲಾತಿ ಎಂದು ಕರೆದವರನ್ನು ನಾವು ಈವರೆಗೆ ಕಂಡಿಲ್ಲ. ಕಂಡವರು ತಿಳಿಸಿ.

ಅರ್ಹತೆಯ ಮಾತು ಬಂತಲ್ಲ. ಈ ವಾದದ ದೊಡ್ಡ ಮೊಕದ್ದಮೆ ಹುಟ್ಟಿದ್ದು ನಮ್ಮ ರಾಜ್ಯದಲ್ಲೇ. 1962ರ ಜುಲೈ 31ರಂದು ಮೈಸೂರು ಸರ್ಕಾರ ವೈದ್ಯಕೀಯ, ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಶೇಕಡಾ 68 ಸೀಟು ಮೀಸಲಿಟ್ಟಿತು: ಹಿಂದುಳಿದವರಿಗೆ 50, ಪರಿಶಿಷ್ಟ ಜಾತಿಗೆ 15, ಪಂಗಡಕ್ಕೆ 3. ಬಾಲಾಜಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅದನ್ನು ಹೊಡೆದುಹಾಕಿ, ಸಾಮಾನ್ಯವಾಗಿ ಮೀಸಲು ಅರ್ಧಕ್ಕಿಂತ ಕಡಿಮೆ ಇರಬೇಕು ಎಂದಿತು. ಸಮಾನ ಅವಕಾಶ ನಿಯಮ, ಮೀಸಲಾತಿ ಅದಕ್ಕೊಂದು ಅಪವಾದ ಎಂಬ ಓದು ಅಲ್ಲಿಂದ ಗಟ್ಟಿಯಾಯಿತು. ಬಾಬಾಸಾಹೇಬರೇ 1948ರ ನವೆಂಬರ್ 30ರಂದು ಸಂವಿಧಾನ ಸಭೆಯಲ್ಲಿ, ಅವಕಾಶದ ಸಮಾನತೆ ಉಳಿಯಬೇಕಾದರೆ ಮೀಸಲು ಅಲ್ಪಭಾಗಕ್ಕೆ ಸೀಮಿತವಾಗಬೇಕು ಎಂದಿದ್ದರು. ನಮಗೆ ಅನಾನುಕೂಲ ಅಂತ ಇದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಅವರು ಅಂಕಿ ಕೊಟ್ಟಿರಲಿಲ್ಲ. ಅಂಕಿ ಕೊಟ್ಟದ್ದು ಕೋರ್ಟು.

1975ರಲ್ಲಿ ಕೇರಳದ ಥಾಮಸ್ ಮೊಕದ್ದಮೆ ಬಂತು. ಪರಿಶಿಷ್ಟ ಗುಮಾಸ್ತರಿಗೆ ಇಲಾಖಾ ಪರೀಕ್ಷೆ ಪಾಸು ಮಾಡಲು ಕೊಟ್ಟ ಹೆಚ್ಚಿನ ಕಾಲಾವಕಾಶದ ಬಗ್ಗೆ ಅದು. ಅಲ್ಲಿ ನ್ಯಾಯಮೂರ್ತಿಗಳು ಓದನ್ನೇ ತಿರುಗಿಸಿದರು. ಹಿಂದುಳಿದವನಿಗೆ ಮಾಡುವ ವಿಶೇಷ ಏರ್ಪಾಡು ಸಮಾನತೆಗೆ ಅಪವಾದವಲ್ಲ, ಅದು ಸಮಾನತೆಯದೇ ಇನ್ನೊಂದು ಮುಖ ಎಂದರು. ನಮ್ಮ ಮಟ್ಟಿಗೆ ಇದು ಎಷ್ಟೋ ಘೋಷಣೆಗಳಿಗಿಂತ ದೊಡ್ಡ ಮಾತು. ಆದರೂ ಅರ್ಧದ ಗೋಡೆ ನಿಂತೇ ಇತ್ತು. ಗೋಡೆ ದಾಟಿದ್ದು ಯಾರಿಗಾಗಿ? 2019ರಲ್ಲಿ 103ನೇ ತಿದ್ದುಪಡಿ ತಂದು ಮೇಲ್ಜಾತಿಯ ‘ದುರ್ಬಲ’ರಿಗೆ ಶೇಕಡಾ 10 ಕೊಟ್ಟರು. ವರ್ಷಕ್ಕೆ ಎಂಟು ಲಕ್ಷದೊಳಗೆ ವರಮಾನ ಇದ್ದವರೂ ದುರ್ಬಲರೇ! 2022ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಮೂವರು-ಇಬ್ಬರ ತೀರ್ಪಿನಲ್ಲಿ ಅದನ್ನು ಎತ್ತಿಹಿಡಿಯಿತು. ಅರ್ಧದ ಮಿತಿ ಇದಕ್ಕೆ ಅಡ್ಡಿಯಲ್ಲ ಎಂದಿತು. ಅದೇ ಬಡತನದ ಪಾಲಿನಿಂದ ಪರಿಶಿಷ್ಟ, ಹಿಂದುಳಿದ ಬಡವರನ್ನು ಹೊರಗಿಟ್ಟಿತು. 60 ವರ್ಷ ನಮಗೆ ಕಲ್ಲಾಗಿದ್ದ ಗೋಡೆ ಅವರಿಗೆ ಬಾಗಿಲಾಯಿತು.

ಇನ್ನು, ನಮ್ಮವರೇ ಮಾತಾಡಲು ಹಿಂಜರಿಯುವ ಭಟ್ಕಳದ ವಿಷಯಕ್ಕೆ ಬರೋಣ. ನಮ್ಮ ಕಡಲ ಕರೆಯ ಮೊಗೇರರು ಮೀನುಗಾರರು. ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿ ‘ಮೊಗೇರ’ ಎಂಬ ಹೆಸರಿದೆ. ಆ ಹೆಸರು ಪಟ್ಟಿಗೆ ಬಂದದ್ದು ಹಿಂದೆ ಮದ್ರಾಸಿಗೆ ಸೇರಿದ್ದ ದಕ್ಷಿಣ ಕನ್ನಡ ಭಾಗದಿಂದ. ಅಲ್ಲಿ ಮೊಗೇರ ಎಂಬ ಅಸ್ಪೃಶ್ಯ ಸಮುದಾಯ ಇದೆ; ಅವರು ಮೀನುಗಾರರಲ್ಲ. 1976ರ ತನಕ ಪಟ್ಟಿಗೆ ಪ್ರದೇಶದ ಬೇಲಿ ಇತ್ತು. ಒಂದು ಜಿಲ್ಲೆಯಲ್ಲಿ ಪರಿಶಿಷ್ಟನಾದವನು ಗಡಿ ದಾಟಿ ಕೂಲಿಗೆ ಹೋದರೆ ಹಕ್ಕು ಕಳೆದುಕೊಳ್ಳುತ್ತಿದ್ದ. ಆ ಬೇಲಿ ಕಿತ್ತದ್ದು ನ್ಯಾಯವೇ. ಆದರೆ ಕಿತ್ತಾಗ ಹೆಸರು ರಾಜ್ಯವಿಡೀ ಹರಿಯಿತು, ಬಾಳು ಹರಿಯಲಿಲ್ಲ. ಒಂದೇ ಹೆಸರು, ಎರಡು ಜನ. ಭಟ್ಕಳದ ಮೀನುಗಾರ ಮೊಗೇರರು ಪ್ರಮಾಣಪತ್ರ ಪಡೆದರು. ಆಮೇಲೆ ಸರ್ಕಾರ ನಿಲ್ಲಿಸಿತು. ದಲಿತ ಸಂಘಟನೆಗಳು ಆಕ್ಷೇಪಿಸಿದವು, ವಿಷಯ ಕೋರ್ಟಿನ ಮೆಟ್ಟಿಲೂ ಹತ್ತಿತು. 2022ರಲ್ಲಿ ಮೊಗೇರರು ಭಟ್ಕಳದಲ್ಲಿ ತಿಂಗಳುಗಟ್ಟಲೆ ಧರಣಿ ಕೂತರು.

ಧರಣಿ ಕೂತವರ ಕಷ್ಟ ಸುಳ್ಳಲ್ಲ. ಮಳೆಗಾಲದಲ್ಲಿ ದೋಣಿ ಮೇಲೆಳೆದ ಮೇಲೆ ಮನೆಯಲ್ಲಿ ಏನು ಬೇಯುತ್ತದೆ ಎಂಬುದು ನಮಗೂ ಗೊತ್ತು. ಹೊನ್ನಾವರದ ಕಾಸರಕೋಡ ಟೊಂಕದಲ್ಲಿ ಖಾಸಗಿ ಬಂದರಿನ ವಿರುದ್ಧ ಮೀನುಗಾರ ಹೆಂಗಸರು ಪೊಲೀಸರ ಮುಂದೆ ನಿಂತಾಗ ನಮ್ಮ ಮನಸ್ಸು ಅವರ ಜೊತೆಗಿತ್ತು. ಆದರೂ ಹೇಳಲೇಬೇಕು: ಪರಿಶಿಷ್ಟ ಜಾತಿ ಎಂಬುದು ಬಡವರ ಪಟ್ಟಿಯಲ್ಲ, ಮುಟ್ಟಿಸಿಕೊಳ್ಳದವರ ಪಟ್ಟಿ. ಮೀನಿನ ಬುಟ್ಟಿ ಹೊತ್ತವಳು ಒಡೆಯನ ಅಂಗಳದ ತನಕ ಹೋಗಿ ಚೌಕಾಸಿ ಮಾಡಿ ಬರುತ್ತಿದ್ದಳು, ನಮ್ಮ ಅಜ್ಜಿ ಅಂಗಳದ ಹೊರಗೆ ಕೂಗಿ ನಿಲ್ಲುತ್ತಿದ್ದಳು ಎಂದು ಕೇರಿಯ ಮುದುಕಿಯರು ಈಗಲೂ ಹೇಳುತ್ತಾರೆ. ಆ ಎರಡು ಹೆಜ್ಜೆಗಳ ನಡುವಿನ ದೂರಕ್ಕೇ ಸಂವಿಧಾನ ಪರಿಶಿಷ್ಟ ಎಂದು ಹೆಸರಿಟ್ಟದ್ದು. ಒಂದೇ ಹೆಸರು ಇದ್ದ ಮೇಲೆ ಒಂದೇ ಹಕ್ಕು ಎನ್ನುವುದು ಸಮಾನ ಅವಕಾಶದ ವಾದವೇ, ಬೇರೆ ಅಂಗಿ ತೊಟ್ಟು ಬಂದದ್ದು. ಕಾಡಿನಲ್ಲಿ ಸರ್ಕಾರ ನಮ್ಮ ಬಾಳು ನೋಡದೆ ಕಾಗದ ಕೇಳಿತು. ಇಲ್ಲಿ ಬಾಳು ನೋಡದೆ ಕಾಗದದ ಮೇಲಿನ ಹೆಸರು ನೋಡಿ ಎನ್ನುತ್ತಾರೆ. ಅಲ್ಲಿ ಒಂದು ಅಳತೆ, ಇಲ್ಲಿ ಇನ್ನೊಂದು ಅಳತೆ ನಾವು ಹಿಡಿಯಲಾರೆವು.

ನಿಜವಾದ ಹುನ್ನಾರ ಬೇರೆ ಕಡೆ ಇದೆ. ಮೀನುಗಾರ ಜಾತಿಗಳನ್ನು ಪ್ರವರ್ಗ-1ರಲ್ಲಿ ಹಾಕಿ, ಎಷ್ಟೋ ಜಾತಿಗಳ ಆ ಗುಂಪಿಗೆ ಶೇಕಡಾ 4 ಕೊಟ್ಟು ಸರ್ಕಾರ ಕೈತೊಳೆದುಕೊಂಡಿತು. ಆ ಬಾಗಿಲು ಅಗಲ ಮಾಡಿ ಎಂದು ಮೊಗೇರರು, ಖಾರ್ವಿಗಳು, ಹರಿಕಂತ್ರರು, ಅಂಬಿಗರು ಒಟ್ಟಾಗಿ ಕೇಳಿದರೆ ನಾವೂ ಅವರ ಪಕ್ಕ ಕೂರುತ್ತೇವೆ. ಅಗಲ ಮಾಡುವ ಬದಲು, ಅರ್ಧದ ಗೋಡೆಯೊಳಗೆ ಇಬ್ಬರು ಹಸಿದವರನ್ನು ಒಂದೇ ಎಲೆಗೆ ಕೂರಿಸಿ, ಕಿತ್ತಾಡಲಿ ಎಂದು ನೋಡುತ್ತಾರೆ. ವೋಟಿನ ಹೊತ್ತಿಗೆ ಇಬ್ಬರಿಗೂ ಭರವಸೆ ಕೊಡುತ್ತಾರೆ.

ಪಟ್ಟಿಯ ಒಳಗಿನ ಪಾಲಿಗೂ ಇದೇ ಮಾತು ಹೊಂದುತ್ತದೆ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಒಳಮೀಸಲಾತಿಗೆ ದಾರಿ ಬಿಟ್ಟಿತು. ಒಂದು ವರ್ಷದ ಮೇಲೆ, 2025ರ ಆಗಸ್ಟ್ 19ರಂದು, ರಾಜ್ಯ ಸಂಪುಟ ಶೇಕಡಾ 17ನ್ನು 6, 6, 5 ಎಂದು ಮೂರು ಮಾಡಿತು. ನಾಗಮೋಹನದಾಸ್ ಆಯೋಗ ಅತಿ ಸಣ್ಣ 59 ಸಮುದಾಯಗಳಿಗೆ ಶೇಕಡಾ 1ನ್ನು ಬೇರೆಯಾಗಿಯೇ ಇಡಿ ಎಂದಿತ್ತು. ಸಂಪುಟ ಅವರನ್ನು ಸಂಖ್ಯೆಯಲ್ಲಿ, ಸಂಘಟನೆಯಲ್ಲಿ ಬಲವಿದ್ದ ಜಾತಿಗಳ ಜೊತೆ 5ರ ಗುಂಪಿಗೆ ತಳ್ಳಿತು. ಅಲೆಮಾರಿಗಳು ಬೀದಿಗಿಳಿದರು. ದಶಕಗಳ ಮಾದಿಗ ಹೋರಾಟಕ್ಕೆ ಸಂದ ಜಯ ಇದು, ನಮಗೆ ಸಂತೋಷವೇ. ಆದರೆ ಎಡಗೈ-ಬಲಗೈಗಳ ದೊಡ್ಡ ಲೆಕ್ಕದಲ್ಲಿ ಹಳ್ಳೇರ, ಆಗೇರ, ಮುಕ್ರಿಗಳಂಥ ಕರಾವಳಿಯ ಸಣ್ಣ ಹೆಸರುಗಳನ್ನು ಬೆಂಗಳೂರಿನ ಸಭೆಗಳಲ್ಲಿ ನಮ್ಮ ನಾಯಕರೂ ಉಚ್ಚರಿಸುವುದು ಅಪರೂಪ. ಉಚ್ಚರಿಸಿದರೂ ತಪ್ಪಾಗಿ.

ಈಗ ಹಳ್ಳಿಯ ಮೇಷ್ಟ್ರುಗಳಿಗೆ ಒಂದು ಕೆಲಸ. ಅರಣ್ಯ ಹಕ್ಕು ನಿಯಮದ 13ನೇ ಕಲಮಿನಲ್ಲಿ ಸಾಕ್ಷ್ಯದ ಪಟ್ಟಿ ಇದೆ. ಅರ್ಜಿದಾರನಲ್ಲದ ಊರ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯ. ಹಳೇ ಬಾವಿ, ಸಮಾಧಿ, ಮನೆಯ ತಳಪಾಯ, ನೆಟ್ಟ ಮರ ಇವೂ ಸಾಕ್ಷ್ಯ. ಇಂಥದೇ ಕಾಗದ ತಾ ಎಂದು ಪಟ್ಟು ಹಿಡಿಯಬಾರದು ಎಂದು 2012ರ ತಿದ್ದುಪಡಿ ಉಪವಿಭಾಗ, ಜಿಲ್ಲಾ ಸಮಿತಿಗಳಿಗೆ ಹೇಳಿದೆ. ಕಚೇರಿಯ ಕೌಂಟರಿನಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಎಂಬತ್ತು ದಾಟಿದ ಮುದುಕರು ಪ್ರತಿ ಮಳೆಗಾಲಕ್ಕೂ ಒಬ್ಬಿಬ್ಬರು ಕಮ್ಮಿಯಾಗುತ್ತಿದ್ದಾರೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಒಂದು ನೋಟ್‌ಬುಕ್ಕು ಹಿಡಿದು ಕೇರಿಗೆ, ಕೊಪ್ಪಕ್ಕೆ ಹೋಗಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು, ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿ, ಒಂದು ಪ್ರತಿಯನ್ನು ಗ್ರಾಮದ ಅರಣ್ಯ ಹಕ್ಕು ಸಮಿತಿಗೆ ಕೊಟ್ಟು ರಸೀದಿ ತೆಗೆದುಕೊಳ್ಳಿ.