ಗೆರೆ ಎಳೆದವರು ಯಾರು?

ಗರ್ಭಕಂಠದ ಕ್ಯಾನ್ಸರಿನಲ್ಲಿ ಜೀವಕೋಶದ ಸಂಕೇತ ಮಾರ್ಗಗಳನ್ನು ನೋಡಿ ರೋಗಿಯ ಮುಂದಿನ ಗತಿ ಹೇಳಬಹುದೆಂಬ ವಾದಕ್ಕೆ ಅದರ ಯೋಗ್ಯತೆ ಮೀರಿದ ಮರ್ಯಾದೆ ಸಿಕ್ಕಿದೆ. 2017ರ ಟಿಸಿಜಿಎ (ಕ್ಯಾನ್ಸರ್ ಜೀನೋಮ್ ಅಟ್ಲಾಸ್) ಅಧ್ಯಯನ 228 ಗೆಡ್ಡೆಗಳನ್ನು ಪರೀಕ್ಷಿಸಿ, ಪಿಐ3ಕೆ-ಮ್ಯಾಪ್‌ಕೆ ಅಥವಾ ಟಿಜಿಎಫ್-ಬೀಟಾ ಮಾರ್ಗ 70%ಕ್ಕೂ ಹೆಚ್ಚು ಗೆಡ್ಡೆಗಳಲ್ಲಿ ಬದಲಾಗಿರುವುದನ್ನು ತೋರಿಸಿತು. ಅದು ಗಟ್ಟಿಯಾದ ಕೆಲಸ. ಆದರೆ ಇಷ್ಟು ವ್ಯಾಪಕವಾದ ಬದಲಾವಣೆ, ಯಾರು ಉಳಿಯುತ್ತಾರೆಂದು ತಾನಾಗಿ ವಿಂಗಡಿಸಿ ಕೊಡುವುದಿಲ್ಲ.

ನನ್ನ ತಕರಾರು, ಪಿಐ3ಕೆ ಮಾರ್ಗ ಚುರುಕಾಗಿರುವುದರ ಗುರುತಾಗಿ ಫಾಸ್ಫೇಟ್ ಸೇರಿದ ಎಕೆಟಿ ಪ್ರೋಟೀನನ್ನು, ಅಂದರೆ ಫಾಸ್ಫೋ-ಎಕೆಟಿಯನ್ನು, ಅಳೆಯುವ ಕ್ರಮದ ಮೇಲೆ. ಬಯಾಪ್ಸಿ ತುಂಡಿಗೆ ಬಣ್ಣ ಹಿಡಿಸಿ, ಗಾಢತೆಗೆ ಅಂಕ ಕೊಟ್ಟು, ಎಲ್ಲೋ ಒಂದು ಗೆರೆ ಎಳೆದು ರೋಗಿಗಳನ್ನು ‘ಹೆಚ್ಚು’, ‘ಕಡಿಮೆ’ ಎಂದು ಒಡೆಯುತ್ತಾರೆ. ಮಧ್ಯಾಂಕದಲ್ಲಿ ಗೆರೆ ಎಳೆಯುವವರಿದ್ದಾರೆ. ಬದುಕುಳಿದ ಅವಧಿಯ ಅಂತರ ಅತಿ ಹೆಚ್ಚು ಕಾಣುವಲ್ಲೇ ಎಳೆಯುವವರೂ ಇದ್ದಾರೆ. ಎರಡನೆಯದು ಉತ್ತರ ನೋಡಿಕೊಂಡು ಲೆಕ್ಕ ಕಟ್ಟಿದ ಹಾಗೆ. ಹೀಗೆ ಗೆರೆ ಹುಡುಕಿದರೆ, 5% ಇರಬೇಕಾದ ಸುಳ್ಳು ಫಲಿತಾಂಶದ ಸಾಧ್ಯತೆ 40%ರವರೆಗೂ ಏರಬಹುದೆಂದು ಡಗ್ಲಾಸ್ ಆಲ್ಟ್‌ಮನ್ ಮತ್ತು ಸಂಗಡಿಗರು 1994ರಲ್ಲೇ ಎಚ್ಚರಿಸಿದ್ದರು. ಗೆರೆಗಿಂತ ಮುಂಚೆಯೂ ಒಂದು ತೊಡಕಿದೆ. ಅಂಗಾಂಶ ದೇಹದಿಂದ ಬೇರ್ಪಟ್ಟೊಡನೆ ಅದರ ಫಾಸ್ಫೇಟ್ ಗುರುತುಗಳು ಬದಲಾಗತೊಡಗುತ್ತವೆ. ತುಂಡು ಫಾರ್ಮಲಿನ್ ಸೇರುವುದು ತಡವಾದಷ್ಟೂ ಆ ವಿಳಂಬವೇ ಅಂಕದಲ್ಲಿ ಬೆರೆಯುತ್ತದೆ.

ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಮೆಟಾ-ಅನಾಲಿಸಿಸ್ ಮಾಡಿದರೆ ಎಲ್ಲ ಸರಿಹೋಗುತ್ತದೆ ಎನ್ನುವ ವಿಮರ್ಶಕರನ್ನು ನಾನು ಒಪ್ಪಲಾರೆ. ಒಂದೊಂದು ಪ್ರಬಂಧ ಒಂದೊಂದು ಕಡೆ ಗೆರೆ ಎಳೆದಿರುವಾಗ ಕೂಡಿಸುವುದಾದರೂ ಏನನ್ನು? ಪ್ರಕಟವಾಗದೆ ಉಳಿದ ಫಲಿತಾಂಶಗಳನ್ನು ಎಲ್ಲಿಂದ ತರುವುದು? ಕ್ಯಾನ್ಸರ್ ಮುನ್ಸೂಚಕಗಳ ಮೇಲಿನ 1500ಕ್ಕೂ ಹೆಚ್ಚು ಪ್ರಬಂಧಗಳನ್ನು ಪರಿಶೀಲಿಸಿದ ಕಿಜಾಸ್ ತಂಡ 2007ರಲ್ಲಿ ಕಂಡದ್ದು ಇದು: 90%ಕ್ಕೂ ಹೆಚ್ಚು ಪ್ರಬಂಧಗಳು ಗೆಲುವನ್ನೇ ಸಾರುತ್ತಿದ್ದವು. ಸೋಲನ್ನೇ ದಾಖಲಿಸದ ಕ್ಷೇತ್ರದ ಗೆಲುವನ್ನು ನಂಬುವುದು ಹೇಗೆ? ಇನ್ನು ಕೆಲವರು ಪಿಡಿ-ಎಲ್1 ಎಂಬ ಪ್ರೋಟೀನಿನ ಕಡೆ ಬೆರಳು ತೋರಿಸುತ್ತಾರೆ. ಅದು ಪೆಂಬ್ರೊಲಿಜುಮ್ಯಾಬ್ ಎಂಬ ಔಷಧವನ್ನು ಯಾರಿಗೆ ಕೊಡಬೇಕೆಂದು ತೀರ್ಮಾನಿಸಲು ಬಳಕೆಗೆ ಬಂದ ಗುರುತು. ಔಷಧದ ಆಯ್ಕೆ ಬೇರೆ, ಆಯುಷ್ಯದ ಅಂದಾಜು ಬೇರೆ. ಒಂದರ ಯಶಸ್ಸನ್ನು ಇನ್ನೊಂದರ ಖಾತೆಗೆ ಬರೆಯಬಾರದು.

2022ರಲ್ಲಿ ಜಗತ್ತಿನಾದ್ಯಂತ ಸುಮಾರು 3.5 ಲಕ್ಷ ಮಹಿಳೆಯರು ಈ ರೋಗಕ್ಕೆ ಬಲಿಯಾದರು. ಇಂಥ ರೋಗದಲ್ಲಿ ಮುಂದಿನ ಗತಿ ಅಂದಾಜಿಸಲು ಬೇಕಾದ ಗೆಡ್ಡೆಯ ಗಾತ್ರ, ಅದು ಹಬ್ಬಿದ ವ್ಯಾಪ್ತಿ, ದುಗ್ಧಗ್ರಂಥಿಗಳ ಸ್ಥಿತಿ ಎಲ್ಲವೂ ಅಂತರರಾಷ್ಟ್ರೀಯ ಸ್ತ್ರೀರೋಗ ಒಕ್ಕೂಟದ (ಫಿಗೋ) 2018ರ ಹಂತ ವಿಂಗಡಣೆಯಲ್ಲಿ ಈಗಾಗಲೇ ಇವೆ. ಮೊದಲೇ ಘೋಷಿಸಿದ ಗೆರೆಯೊಂದಿಗೆ, ಬೇರೆ ಆಸ್ಪತ್ರೆಯ ರೋಗಿಗಳಲ್ಲೂ, ಆ ವಿಂಗಡಣೆಗಿಂತ ಹೆಚ್ಚಿನದನ್ನು ಹೇಳಿ ತೋರಿಸುವವರೆಗೆ ಯಾವ ಸಂಕೇತ ಮಾರ್ಗಕ್ಕೂ ರೋಗಿಯ ವರದಿಯಲ್ಲಿ ಜಾಗ ಕೊಡಬಾರದು.