ಡು ಬಾಯ್ಸ್ ಅವರ ‘ಬ್ಲ್ಯಾಕ್ ರೀಕನ್‌ಸ್ಟ್ರಕ್ಷನ್’: ಒಂದು ವಿಮರ್ಶೆ

ಅಮೆರಿಕದ ಅಂತರ್ಯುದ್ಧವು (1861–65) ಮುಗಿದ ಮೇಲಿನ ಹನ್ನೆರಡು ವರ್ಷಗಳ ಕಾಲವನ್ನು ಚರಿತ್ರಕಾರರು ‘ರೀಕನ್‌ಸ್ಟ್ರಕ್ಷನ್’ ಎಂದು ಕರೆದಿದ್ದಾರೆ. ಕನ್ನಡದಲ್ಲಿ ಇದನ್ನು ನಾವು ಪುನರ್ನಿರ್ಮಾಣವೆನ್ನುತ್ತೇವೆ. ‘ಪುನಃ’ ಎಂಬುದು ಸೇರಿದೊಡನೆಯೇ, ಹಿಂದೊಂದು ಕಟ್ಟಡವಿತ್ತು, ಅದು ಕುಸಿಯಿತು, ಅದನ್ನೇ ಮತ್ತೆ ಎತ್ತಿ ನಿಲ್ಲಿಸಬೇಕಾಗಿದೆ ಎಂಬ ಭಾವನೆ ಬರುತ್ತದೆ. ಹಳೆಯ ದೇವಾಲಯದ ಜೀರ್ಣೋದ್ಧಾರದಂತೆ. ಒಡೆದುಹೋದ ಒಕ್ಕೂಟದ ಮಟ್ಟಿಗೆ ಈ ಭಾವನೆ ಸಲ್ಲಬಹುದು. ಆದರೆ 1860ರ ಜನಗಣತಿಯಲ್ಲಿ ಗುಲಾಮರೆಂದು ಎಣಿಕೆಗೆ ಬಂದ ಸುಮಾರು 40 ಲಕ್ಷ ಮಂದಿಗೆ ಮತ್ತೆ ಕಟ್ಟಿಕೊಳ್ಳಲು ಹಿಂದಿನದೆಂಬುದು ಏನಿತ್ತು? ಡಬ್ಲ್ಯು. ಇ. ಬಿ. ಡು ಬಾಯ್ಸ್ (1868–1963) ಅವರ ‘ಬ್ಲ್ಯಾಕ್ ರೀಕನ್‌ಸ್ಟ್ರಕ್ಷನ್ ಇನ್ ಅಮೆರಿಕ’ ಎಂಬ ಬೃಹದ್ಗ್ರಂಥವು (1935) ಹುಟ್ಟಿದ್ದು ಈ ಪ್ರಶ್ನೆಯಿಂದ ಎನ್ನಬಹುದು.

ಗ್ರಂಥವು ಹೊರಬಂದಾಗ ಈ ವಿಷಯದಲ್ಲಿ ವಿದ್ವತ್‌ಪೀಠವನ್ನು ಆಳುತ್ತಿದ್ದುದು ಕೊಲಂಬಿಯ ವಿಶ್ವವಿದ್ಯಾನಿಲಯದ ವಿಲಿಯಂ ಡನ್ನಿಂಗ್ ಮತ್ತು ಅವರ ಶಿಷ್ಯವರ್ಗ. ವಿದ್ಯೆಯಿಲ್ಲದ ಕಪ್ಪುಜನರ ಕೈಗೆ ಮತವನ್ನು ಕೊಟ್ಟದ್ದೇ ದೊಡ್ಡ ತಪ್ಪು, ಉತ್ತರದಿಂದ ಬಂದ ಸಮಯಸಾಧಕರು ಅವರನ್ನು ಮುಂದಿಟ್ಟುಕೊಂಡು ದಕ್ಷಿಣವನ್ನು ಸುಲಿದರು, ಕೊನೆಗೆ ಬಿಳಿಯರು ತಮ್ಮ ನಾಡನ್ನು ‘ಉದ್ಧಾರ’ ಮಾಡಿಕೊಂಡರು—ಇದು ಆ ಪಂಥದ ಕಥನದ ಸಾರ. 1915ರ ‘ಬರ್ತ್ ಆಫ್ ಎ ನೇಷನ್’ ಚಲನಚಿತ್ರವು ಇದನ್ನೇ ಸಾಮಾನ್ಯ ಜನರ ಕಣ್ಣಿಗೆ ಕಟ್ಟಿಸಿತು. ಡು ಬಾಯ್ಸ್ ಅವರು 1910ರಷ್ಟು ಹಿಂದೆಯೇ ‘ಅಮೆರಿಕನ್ ಹಿಸ್ಟಾರಿಕಲ್ ರಿವ್ಯೂ’ ಪತ್ರಿಕೆಯಲ್ಲಿ ಈ ಕಥನವನ್ನು ಪ್ರಶ್ನಿಸಿದ್ದರು. ಕಾಲು ಶತಮಾನದ ತರುವಾಯ ಏಳು ನೂರು ಪುಟಗಳನ್ನು ಮೀರಿದ ಗ್ರಂಥವನ್ನೇ ಅವರು ಮುಂದಿಟ್ಟಾಗ ಅದೇ ಪತ್ರಿಕೆ ಅದರ ವಿಮರ್ಶೆಯನ್ನು ಪ್ರಕಟಿಸಲಿಲ್ಲ.

ಡನ್ನಿಂಗ್ ಪಂಥದೊಡನೆ ಡು ಬಾಯ್ಸ್ ಅವರಿಗಿದ್ದ ಭಿನ್ನಾಭಿಪ್ರಾಯವು ಬರಿಯ ಸಂಗತಿಗಳ ಮಟ್ಟದ್ದಲ್ಲ. ಒಡೆದ ಸಮಾಜವೆನ್ನುವಾಗ ಒಡಕು ಯಾರು ಯಾರ ನಡುವಣದು ಎಂಬುದೇ ಮೊದಲು ತೀರ್ಮಾನವಾಗಬೇಕು. ಒಡಕು ಉತ್ತರ ದಕ್ಷಿಣಗಳ ನಡುವಣದಾದರೆ 1877ರಲ್ಲಿ ಅದು ಕೂಡಿಕೊಂಡಿತು: ವಿವಾದಕ್ಕೆ ಸಿಕ್ಕಿದ ಚುನಾವಣೆಯ ತರುವಾಯ ಹೇಯ್ಸ್ ಅಧ್ಯಕ್ಷರಾದರು, ದಕ್ಷಿಣ ಕ್ಯಾರೊಲಿನ ಮತ್ತು ಲೂಯಿಸಿಯಾನಗಳ ಶಾಸನ ಭವನಗಳಿಂದ ಕೇಂದ್ರದ ಸೈನ್ಯ ಹಿಂದೆ ಸರಿಯಿತು, ಅಣ್ಣತಮ್ಮಂದಿರು ರಾಜಿಯಾದರು. ಒಡಕು ದುಡಿಸಿಕೊಳ್ಳುವವನಿಗೂ ದುಡಿಯುವವನಿಗೂ ನಡುವಣದಾದರೆ, ಆ ರಾಜಿಯೇ ಒಡಕನ್ನು ಭದ್ರಪಡಿಸಿತೆಂದು ಹೇಳಬೇಕಾಗುತ್ತದೆ. ಇಬ್ಬರ ಜಗಳ ಮೂರನೆಯವನ ಖರ್ಚಿನಲ್ಲಿ ತೀರಿತು. ಗ್ರಂಥದ ಗಟ್ಟಿಯಾದ ಭಾಗವೆಲ್ಲ ಈ ಎರಡನೆಯ ಎಣಿಕೆಯ ಮೇಲೆ ನಿಂತಿದೆ.

ಯುದ್ಧಕಾಲದಲ್ಲಿ ಸುಮಾರು ಐದು ಲಕ್ಷ ಗುಲಾಮರು ತೋಟಗಳನ್ನು ಬಿಟ್ಟು ಉತ್ತರದ ಸೈನ್ಯದ ಕಡೆಗೆ ನಡೆದುದನ್ನು ಗ್ರಂಥಕರ್ತರು ‘ಸಾರ್ವತ್ರಿಕ ಮುಷ್ಕರ’ ಎಂದು ಕರೆಯುತ್ತಾರೆ. ಈ ಹೆಸರು ನಮಗೆ ಸಡಿಲವಾಗಿ ತೋರುತ್ತದೆ. ಮುಷ್ಕರ ಹೂಡುವವನು ಕೂಲಿಯ ಕರಾರನ್ನು ಒಪ್ಪಿದವನು. ತಾನೇ ಪರರ ಸೊತ್ತಾಗಿದ್ದವನು ಓಡಿಹೋಗುವುದು ಬೇರೆಯ ಮಾತು. ಆದರೆ ಹೆಸರು ಸಡಿಲವಾದರೂ ಅದು ಬೆರಳಿಟ್ಟು ತೋರಿಸುವ ಸಂಗತಿ ನಿಜ. ವಿಮೋಚನೆಯು ಮೇಲಿನಿಂದ ಇಳಿದು ಬಂದ ದಾನವಾಗಿರಲಿಲ್ಲ. ಸುಮಾರು 1,80,000 ಕಪ್ಪು ಸೈನಿಕರು ಅದಕ್ಕಾಗಿ ಕೋವಿ ಹಿಡಿದರು.

‘ದುಡಿಯುವ ವರ್ಗದ ಸರ್ವಾಧಿಕಾರ’ ಎಂಬ ಪರಿಭಾಷೆಯ ವಿಷಯದಲ್ಲಿ ಇಷ್ಟು ಉದಾರವಾಗಿರಲಾರೆವು. ದಕ್ಷಿಣ ಕ್ಯಾರೊಲಿನದ ಅಧ್ಯಾಯಕ್ಕೆ ಮೊದಲು ಈ ಮಾತನ್ನೇ ಶಿರೋನಾಮೆಯಾಗಿ ಇಟ್ಟಿದ್ದು, ಆಕ್ಷೇಪಣೆ ಬಂದುದರಿಂದ ಅವರು ಅದನ್ನು ಬದಲಿಸಿದರು. ಧೋರಣೆ ಮಾತ್ರ ಉಳಿದುಕೊಂಡಿದೆ. ಚಾರ್ಲ್ಸ್‌ಟನ್ನಿನಲ್ಲಿ 1868ರಲ್ಲಿ ನೆರೆದ ಸಂವಿಧಾನ ಸಭೆಯಲ್ಲಿ ಕಪ್ಪುಜನರೇ ಬಹುಮತದಲ್ಲಿದ್ದರು. ಎಲ್ಲ ಮಕ್ಕಳಿಗೂ ಸಾರ್ವಜನಿಕ ಶಾಲೆಗಳ ವ್ಯವಸ್ಥೆಯನ್ನು ಆ ಸಂವಿಧಾನ ವಿಧಿಸಿತು. ಆದರೆ ಅಲ್ಲಿನ ನಾಯಕರಲ್ಲಿ ಹುಟ್ಟಿನಿಂದಲೇ ಸ್ವತಂತ್ರರಾಗಿದ್ದವರೂ ಆಸ್ತಿವಂತರೂ ಹಲವರಿದ್ದರು. ಜಮೀನುದಾರರ ನೆಲವನ್ನು ವಶಪಡಿಸಿಕೊಂಡು ಹಂಚುವ ಧೈರ್ಯವನ್ನು ಅವರು ತೋರಲಿಲ್ಲ. ಭೂಮಿಯನ್ನು ಕೊಂಡು ಕಂತಿನ ಮೇಲೆ ಮಾರುವ ಒಂದು ಆಯೋಗವನ್ನು ಮಾತ್ರ ನೇಮಿಸಿದರು. ಇದನ್ನು ಸರ್ವಾಧಿಕಾರವೆನ್ನುವುದು ಹೇಗೆ?

ಭೂಮಿಯ ಪ್ರಶ್ನೆಯೇ ತಿರುಳೆಂಬುದನ್ನು ಡು ಬಾಯ್ಸ್ ಅವರು ಚೆನ್ನಾಗಿ ಅರಿತಿದ್ದರು. ಸೇನಾಪತಿ ಷರ್ಮನ್ 1865ರ ಜನವರಿಯಲ್ಲಿ ಹೊರಡಿಸಿದ ಆಜ್ಞೆಯು ದಕ್ಷಿಣ ಕ್ಯಾರೊಲಿನದಿಂದ ಫ್ಲಾರಿಡದವರೆಗಿನ ಕಡಲ ಕರೆಯನ್ನು ಮೀಸಲಿಟ್ಟು, ಕುಟುಂಬವೊಂದಕ್ಕೆ 40 ಎಕರೆಗೆ ಮೀರದ ನೆಲವನ್ನು ಕೊಟ್ಟಿತು. ಸುಮಾರು 40,000 ಜನ ಅಲ್ಲಿ ನೆಲೆಯೂರಿದರು. ಆದರೆ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಹಳೆಯ ಒಡೆಯರನ್ನು ಕ್ಷಮಿಸಿ ಅವರ ಆಸ್ತಿಯನ್ನು ಹಿಂದಿರುಗಿಸಿದನು. ಈ ವಾರ್ತೆಯನ್ನು ತಿಳಿಸಲು ಫ್ರೀಡ್‌ಮನ್ಸ್ ಬ್ಯೂರೋ ಇಲಾಖೆಯ ಮುಖ್ಯಸ್ಥ ಹೊವರ್ಡ್ ಅದೇ ವರ್ಷ ಅಕ್ಟೋಬರಿನಲ್ಲಿ ಎಡಿಸ್ಟೊ ದ್ವೀಪಕ್ಕೆ ಹೋಗಬೇಕಾಯಿತು. ಒಡೆಯರನ್ನು ಮನ್ನಿಸಿರೆಂದು ಆತ ಕೇಳಿಕೊಂಡನು. ದ್ವೀಪದ ಜನ ಆತನಿಗೆ ಬರೆದ ಉತ್ತರವನ್ನು ಓದಿದವರು ಮರೆಯಲಾರರು: ತನ್ನನ್ನು ಮರಕ್ಕೆ ಕಟ್ಟಿ 39 ಏಟು ಹೊಡೆದವನು ಈಗ ನೆಲವನ್ನೂ ಮನೆಯನ್ನೂ ತನ್ನಿಂದ ತಡೆದಿಡುವಾಗ ಮನ್ನಿಸುವುದೆಂತು ಎಂಬುದು ಅವರ ಪ್ರಶ್ನೆ.  ನೆಲವಿಲ್ಲದ ಸ್ವಾತಂತ್ರ್ಯವು ಪಾಲಿಗೆ ಬೇಸಾಯ ಮಾಡುವ ಪದ್ಧತಿಗೆ ಎಡೆಮಾಡಿತು. ಬೀಜವೂ ಸಾಲ, ಹಿಟ್ಟೂ ಸಾಲ. ಹತ್ತಿ ಬಿಡಿಸುವ ವೇಳೆಗೆ ಲೆಕ್ಕದ ಪುಸ್ತಕ ಅಂಗಡಿಯವನ ಕೈಯಲ್ಲಿ. ನಮ್ಮ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ.

ವಿವರಿಸಬೇಕಾದುದು ಇನ್ನೊಂದಿದೆ. ಬಡ ಬಿಳಿಯರು ಕಪ್ಪು ಕೂಲಿಗಾರರೊಡನೆ ಏಕೆ ಕೂಡಲಿಲ್ಲ? ಬಿಳಿಯ ಕೂಲಿಗಾರನಿಗೆ ಕಡಮೆ ಕೂಲಿಯ ಜೊತೆಗೆ ಮರ್ಯಾದೆಯೆಂಬ ಬೇರೊಂದು ‘ಕೂಲಿ’ಯೂ ಸಂದಿತು: ಸಾರ್ವಜನಿಕ ಸ್ಥಳಗಳಲ್ಲಿ ಪ್ರವೇಶ, ಒಳ್ಳೆಯ ಶಾಲೆ, ತನ್ನವರೇ ಆದ ಪೊಲೀಸರು. ಹೊಟ್ಟೆ ತುಂಬಿಸದ ಈ ಕೂಲಿಗಾಗಿ ಆತ ತನ್ನ ಹಿತವನ್ನೇ ಬಿಟ್ಟುಕೊಟ್ಟನೆಂದು ಡು ಬಾಯ್ಸ್ ವಾದಿಸುತ್ತಾರೆ. ಇಡೀ ಗ್ರಂಥದಲ್ಲಿ ಇದಕ್ಕಿಂತ ಮೊನಚಾದ ಒಳನೋಟವಿಲ್ಲ. ಜಾತಿಯ ಮೆಟ್ಟಿಲುಗಳನ್ನು ಬಲ್ಲ ನಾವು ಇದನ್ನು ಬೇಗ ಗುರುತಿಸುತ್ತೇವೆ. ಜ್ಯೋತಿರಾವ್ ಫುಲೆ ಅವರು ‘ಗುಲಾಮಗಿರಿ’ಯನ್ನು (1873) ಗುಲಾಮರನ್ನು ಬಿಡಿಸಿದ ಅಮೆರಿಕದ ಜನರಿಗೆ ಅರ್ಪಿಸಿದ್ದು ನಮಗೆ ತಿಳಿದಿದೆ. ಅದೇ ವರ್ಷದ ಏಪ್ರಿಲಿನಲ್ಲಿ ಲೂಯಿಸಿಯಾನದ ಕೋಲ್‌ಫ್ಯಾಕ್ಸ್ ಎಂಬಲ್ಲಿ ನ್ಯಾಯಾಲಯದ ಕಟ್ಟಡವನ್ನು ಕಾಯುತ್ತಿದ್ದ ಹತ್ತಾರು ಕಪ್ಪುಜನರನ್ನು ಬಿಳಿಯರ ಸಶಸ್ತ್ರ ಗುಂಪು ಕೊಂದಿತು. 1876ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಮೊಕದ್ದಮೆಯ ಶಿಕ್ಷೆಗಳನ್ನು ಊರ್ಜಿತಗೊಳಿಸಲಿಲ್ಲ.

ಗ್ರಂಥದ ಆಧಾರಸಾಮಗ್ರಿಯ ಬಗೆಗೆ ಒಂದು ಮಾತು. ಡು ಬಾಯ್ಸ್ ಅವರು ಬಹುಮಟ್ಟಿಗೆ ಅಚ್ಚಾದ ವರದಿಗಳನ್ನೂ ಇತರರ ಕೃತಿಗಳನ್ನೂ ಅವಲಂಬಿಸಿದ್ದಾರೆ, ಮೂಲ ದಾಖಲೆಗಳನ್ನಲ್ಲ. ದಕ್ಷಿಣದ ಪತ್ರಾಗಾರಗಳು ಆ ಕಾಲದಲ್ಲಿ ಕಪ್ಪು ವಿದ್ವಾಂಸನನ್ನು ಸ್ವಾಗತಿಸುತ್ತಿರಲಿಲ್ಲ. ಉದ್ಧೃತಗಳು ಅತಿ ದೀರ್ಘ. ಕೆಲವು ಅಧ್ಯಾಯಗಳ ಕೊನೆ ಕಾವ್ಯಾವೇಶದಿಂದ ಭಾರವಾಗಿದೆ. ಮುಂದೆ ಬ್ಯೂರೋ ಕಡತಗಳನ್ನು ಶೋಧಿಸಿದ ವಿದ್ವಾಂಸರು ಎಡಿಸ್ಟೊ ಪತ್ರದಂಥವನ್ನು ಬೆಳಕಿಗೆ ತಂದರು, ಹೆಂಗಸರ ದುಡಿಮೆಯನ್ನೂ ಕಾಣಿಸಿದರು. ಆದರೂ ಎರಿಕ್ ಫೋನರ್ ಅವರ 1988ರ ಗ್ರಂಥವು ಕಪ್ಪುಜನರನ್ನೇ ಕಥನದ ಮಧ್ಯೆ ನಿಲ್ಲಿಸಿದಾಗ, ಅದು ನಡೆದದ್ದು ಡು ಬಾಯ್ಸ್ ಹಾಕಿದ ಹಾದಿಯಲ್ಲೇ.

ವಿದ್ಯಾರ್ಥಿಗಳು ಈ ಗ್ರಂಥವನ್ನು ಕೊನೆಯ ಅಧ್ಯಾಯದಿಂದ ಆರಂಭಿಸುವುದು ಲೇಸು. ಚರಿತ್ರೆಯು ಪ್ರಚಾರವಾಗುವ ಬಗೆಯನ್ನು ಪಠ್ಯಪುಸ್ತಕಗಳ ನಿದರ್ಶನದಿಂದ ಅಲ್ಲಿ ಪರೀಕ್ಷಿಸಲಾಗಿದೆ. ಅದರ ಬೆನ್ನಲ್ಲೇ ಗ್ರಂಥಋಣದ ಪಟ್ಟಿಯನ್ನೂ ನೋಡತಕ್ಕದ್ದು. ಕಪ್ಪುಜನರ ವಿಷಯದಲ್ಲಿ ತಳೆದ ನಿಲವಿಗೆ ಅನುಸಾರವಾಗಿ ಲೇಖಕರನ್ನು ಅಲ್ಲಿ ಗುಂಪುಗುಂಪಾಗಿ ವಿಂಗಡಿಸಲಾಗಿದೆ. ಪ್ರಾಮಾಣಿಕವೆಂದು ಹೆಸರಾದ ಗ್ರಂಥಗಳಲ್ಲಿ ಹಲವು ಕಪ್ಪುಜನರ ವಿರೋಧಿಗಳ ಸಾಲಿನಲ್ಲಿವೆ.